ಎರಡು ತುಂಡು ಬೀಟೆ, ಹನ್ನೊಂದು ತಿಂಗಳು

ಹೋದ ವರ್ಷ ಸೆಪ್ಟೆಂಬರಿನಲ್ಲಿ, ನಮ್ಮ ಕೊಡವರ ಆಯುಧ ಪೂಜೆಯ ಕೈಲ್ ಪೊಳ್ದ್ ಹಬ್ಬದ ಮಾರನೇ ದಿನ ನನ್ನ ರಿವಾಲ್ವರಿಗೆ ಒಂದು ಜೊತೆ ಮರದ ಹಿಡಿ ಆರ್ಡರ್ ಮಾಡಿದೆ. 215 ಡಾಲರ್, ಪೂರ್ತಿ ಮುಂಗಡ. ಎಂಟರಿಂದ ಹತ್ತು ವಾರ ಅಂದಿದ್ದರು. ಈಗ ಆಗಸ್ಟ್. ಈ ಮಧ್ಯೆ ನಮ್ಮ ಬಾಗಿಲಿಗೆ ಕುಕ್ಕರ್ ಗ್ಯಾಸ್ಕೆಟ್ ಬಂತು, ಮಗನ ಶೂ ಎರಡು ಸಲ ಬಂತು, ವಿಳಾಸ ತಪ್ಪಿ ಪಕ್ಕದ ಮನೆ ನಾಯಿಯ ಬಿಸ್ಕತ್ತೂ ಬಂತು. ಹಿಡಿ ಮಾತ್ರ ಬಂದಿಲ್ಲ.

ರಿವಾಲ್ವರ್ ಅಂದ ಕೂಡಲೇ ಹುಬ್ಬೇರಿಸುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನಾನು ಕೊಡಗಿನವಳು. ನಮ್ಮ ಮನೆಯಲ್ಲಿ ಕೋವಿ ಅಂದರೆ ಒರೆಸಿ, ಎಣ್ಣೆ ಹಾಕಿ, ಸೆಪ್ಟೆಂಬರ್ ಮೊದಲ ವಾರ ದೀಪದ ಮುಂದೆ ಇಟ್ಟು ತೋಕ್ ಪೂ ಅನ್ನೋ ಹೂ ಸಿಕ್ಕಿಸಿ ಪೂಜೆ ಮಾಡುವ ಸಾಮಾನು. ಪೂಜೆ ಮುಗಿದ ಮೇಲೆ ಕಡುಬು, ಹಂದಿ ಸಾರು, ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಹೆಂಗಸರೂ ಹೊಡೆಯುತ್ತೇವೆ, ಕಾಯಿ ಗೆದ್ದುಕೊಂಡೂ ಬರುತ್ತೇವೆ. ಕೊಡವರಿಗೂ ಜಮ್ಮಾ ಅನ್ನೋ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. ಆದರೆ ನಮ್ಮ ಮನೆಯಲ್ಲಿದ್ದದ್ದು ಕೋವಿ, ರಿವಾಲ್ವರಲ್ಲ. ರಿವಾಲ್ವರನ್ನು ನಾನು ಮುಟ್ಟಿದ್ದೇ ಟೆಕ್ಸಾಸಿಗೆ ಬಂದ ಮೇಲೆ. ಶನಿವಾರ ಬೆಳಿಗ್ಗೆ ಶೂಟಿಂಗ್ ರೇಂಜಿಗೆ ಹೋಗಿ ಒಂದು ಗಂಟೆ ಕಾಗದಕ್ಕೆ ತೂತು ಮಾಡಿ ಬರುತ್ತೇನೆ. ಅಷ್ಟೇ ಸಮಾಚಾರ.

ಈಗ ಹಿಡಿಯ ವಿಷಯ. ನನ್ನದು ಸ್ಮಿತ್ ಅಂಡ್ ವೆಸನ್ 686, ನಾಲ್ಕಿಂಚಿನ ನಳಿಗೆ, ಒಂದು ಕೆಜಿಗಿಂತ ಜಾಸ್ತಿ ತೂಕ. ಜೊತೆಯಲ್ಲಿ ಬಂದ ರಬ್ಬರ್ ಹಿಡಿ ದೊಡ್ಡ ಕೈಯವರಿಗೆ ಸರಿ. ನನಗೆ ಬಳೆ ಟೂ-ಟೂ ಸೈಜು, ಅದೂ ಸೋಪು ಹಚ್ಚದೆ ಇಳಿಯುತ್ತೆ. ಆ ದಪ್ಪ ಹಿಡಿಯನ್ನು ಸುತ್ತಿ ಹಿಡಿದರೆ ತೋರುಬೆರಳಿನ ತುದಿ ಅಷ್ಟೇ ಟ್ರಿಗರಿಗೆ ತಾಗೋದು. ಡಬಲ್ ಆ್ಯಕ್ಷನ್‌ನಲ್ಲಿ, ಅಂದರೆ ಹ್ಯಾಮರನ್ನೂ ಟ್ರಿಗರೇ ಎತ್ತಬೇಕಾದಾಗ, ಅದನ್ನು ಎಳೆಯಲು ನಾಲ್ಕೈದು ಕೆಜಿ ಬಲ ಬೇಕು. ಅಷ್ಟನ್ನು ಬೆರಳ ತುದಿಯಲ್ಲೇ ಎಳೆದರೆ ನಳಿಗೆ ವಾಲುತ್ತೆ, ಗುಂಡು ಎಡಕ್ಕೆ ಹೋಗುತ್ತೆ. ಎಟುಕಲಿ ಅಂತ ಕೈಯನ್ನು ಸ್ವಲ್ಪ ತಿರುಗಿಸಿ ಹಿಡಿದೆನೋ, ಒದೆತ ನೇರ ಹೆಬ್ಬೆರಳ ಬುಡದ ಮೂಳೆಗೆ. .357 ಮ್ಯಾಗ್ನಮ್ ಅನ್ನೋ ಜೋರಿನ ಗುಂಡು ಐವತ್ತು ಹೊಡೆದ ದಿನ ನಮ್ಮ ಮನೆಯಲ್ಲಿ ಚಪಾತಿ ಇಲ್ಲ, ಅನ್ನ-ಸಾರೇ ಗತಿ.

ತೆಳ್ಳಗಿನ ರಬ್ಬರ್ ಹಿಡಿ 30-40 ಡಾಲರಿಗೆ ಸಿಗುತ್ತಲ್ಲ ಅನ್ನಬಹುದು. ಅದನ್ನೂ ತಗೊಂಡೆ. ಎರಡೇ ದಿನದಲ್ಲಿ ಬಂತು. ಬೆರಳು ಎಟುಕಿತು ನಿಜ, ಆದರೆ ಅದು ತೆಳ್ಳಗಿರೋದೇ ಹಿಂಬದಿಯ ಲೋಹವನ್ನು ಮುಚ್ಚದೆ ಬಿಟ್ಟಿರೋದರಿಂದ. ಆ ಬರಿ ಲೋಹ ಅಂಗೈಗೆ ಗುದ್ದುತ್ತೆ. ಹಾಗಾಗಿ ನನ್ನ ಕೈಗೇ ಅಳತೆ ಕೊಟ್ಟು ಮಾಡಿಸೋದು ಅಂತ ತೀರ್ಮಾನ ಆಯ್ತು.

ಮಾಡಿಕೊಡುವವರ ಹೆಸರು ಬರೆಯೋದಿಲ್ಲ. ಇಬ್ಬರೋ ಮೂವರೋ ಇರುವ ಸಣ್ಣ ಕಾರ್ಖಾನೆ, ಕೆಲಸ ಚೆನ್ನಾಗಿದೆ ಅಂತ ರೇಂಜಿನಲ್ಲಿ ಎಲ್ಲರೂ ಹೇಳಿದರು. ಆರ್ಡರ್ ಫಾರಂ ನೋಡಿಯೇ ಖುಷಿಯಾಯ್ತು. ಹಿಡಿ ಕೂರುವ ಲೋಹದ ಫ್ರೇಮ್ ಯಾವುದು? ಅದರ ಬುಡ ದುಂಡಗಿದೆಯಾ, ಚೌಕವಾ? ಹಳೆಯ 686ಗಳಲ್ಲಿ ಚೌಕ ಬುಡದವು ಸಿಗುತ್ತವೆ, ಈಚಿನವೆಲ್ಲ ದುಂಡು, ಒಂದರ ಹಿಡಿ ಇನ್ನೊಂದಕ್ಕೆ ಸರಿಯಾಗಿ ಕೂರೋದಿಲ್ಲ. ಬೆರಳಿನ ಗುಳಿ ಬೇಕಾ? ಚೌಕುಳಿ ಗೀರು ಬೇಕಾ? ಗುಂಡುಗಳನ್ನೆಲ್ಲ ಒಟ್ಟಿಗೆ ತುಂಬುವ ಸ್ಪೀಡ್‌ಲೋಡರಿಗೆ ಅಡ್ಡ ಬರದ ಹಾಗೆ ಎಡ ಹೋಳಿನ ಮೇಲ್ಗಡೆ ಕೆತ್ತಬೇಕಾ? ಮದುವೆಗೆ ಜಾತಕ ಕೊಟ್ಟಾಗಲೂ ನನ್ನ ಬಗ್ಗೆ ಇಷ್ಟು ಕೇಳಿರಲಿಲ್ಲ. ಬಿಳಿ ಹಾಳೆ ಮೇಲೆ ಕೈ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು ಕಳಿಸಿದೆ. ‘ದುಂಡು’ ಅಂತ ಗುರುತು ಮಾಡಿದೆ. ನಂಬಿಕೆ ಸಾಲದೆ ಹಳೆ ಹಿಡಿ ಬಿಚ್ಚಿ, ಬರಿ ಫ್ರೇಮಿನ ಮೂರು ಫೋಟೋನೂ ಹಾಕಿದೆ.

ಮರದ ಪಟ್ಟಿಯಲ್ಲಿ ವಾಲ್‌ನಟ್, ಕೋಕೋಬೋಲೋ, ಆಮೇಲೆ ‘ಈಸ್ಟ್ ಇಂಡಿಯನ್ ರೋಸ್‌ವುಡ್’. ಅಂದರೆ ನಮ್ಮ ಬೀಟೆ! ಊರಿನ ಕಾಫಿ ತೋಟದಲ್ಲಿ ನೆರಳಿಗೆ ನಿಂತಿರುತ್ತೆ, ನಮ್ಮದೇ ಜಾಗ, ಆದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕೊಡಲಿ ಹಾಕುವ ಹಾಗಿಲ್ಲ. ಇಲ್ಲಿ ನೋಡಿದರೆ 35 ಡಾಲರ್ ಜಾಸ್ತಿ ಕೊಟ್ಟರೆ ಆಯ್ತು. ಒತ್ತಿಬಿಟ್ಟೆ.

ಮೊದಲ ಹತ್ತು ವಾರ ನಾನು ತುಟಿ ಬಿಚ್ಚಲಿಲ್ಲ. ಹನ್ನೆರಡನೇ ವಾರ ಮೇಲ್ ಹಾಕಿದೆ. ಒಂಬತ್ತು ದಿನದ ಮೇಲೆ ಒಂದು ಸಾಲು ಬಂತು: ನಿಮ್ಮ ಆರ್ಡರ್ ಸರದಿಯಲ್ಲಿದೆ. ಸರದಿ ಎಷ್ಟುದ್ದ, ನನ್ನ ಮುಂದೆ ಎಷ್ಟು ಜನ, ಏನೂ ಇಲ್ಲ. ಜನವರಿಯಲ್ಲಿ ಫೋನ್ ಮಾಡಿದರೆ ವಾಯ್ಸ್‌ಮೇಲ್ ತುಂಬಿದೆ ಅಂತ ಯಂತ್ರ ಹೇಳಿತು. ಅದು ತುಂಬಿದೆ ಅಂದರೆ ನನ್ನ ಹಾಗೆ ಇನ್ನೆಷ್ಟು ಜನ ಇದ್ದಾರೆ ಅಂತ ಲೆಕ್ಕ ಹಾಕಿ. ಫೆಬ್ರವರಿಯಲ್ಲಿ ‘ಮುಂದಿನ ವಾರ’ ಅಂದರು. ಯಾವ ವಾರದ ಮುಂದಿನದು ಅಂತ ಕೇಳದೇ ಇದ್ದದ್ದು ನನ್ನ ತಪ್ಪು. ಹಿಂದೆ ನಮ್ಮೂರ ಕಡೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರು, ದೆವ್ವ ಬಂದು ಓದಿಕೊಂಡು ವಾಪಸ್ ಹೋಗಲಿ ಅಂತ. ಇಲ್ಲಿ ದುಡ್ಡು ಕೊಟ್ಟ ನಾನೇ ದೆವ್ವ.

ಕೈಕೆಲಸಕ್ಕೆ ಹೊತ್ತು ಹಿಡಿಯುತ್ತೆ, ಅದು ನನಗೂ ಗೊತ್ತು. ಹಸಿ ಮರದಲ್ಲಿ ಮಾಡಿದರೆ ಆರು ತಿಂಗಳಲ್ಲಿ ಕುಗ್ಗಿ, ಹೋಳು ಮತ್ತು ಲೋಹದ ನಡುವೆ ಉಗುರು ತೂರುವಷ್ಟು ಸಂದು ಬಿಡುತ್ತೆ. ಗಾಳಿಯಲ್ಲಿ ಒಣಗಿಸೋದಾದರೆ ಒಂದಿಂಚು ದಪ್ಪಕ್ಕೆ ಒಂದು ವರ್ಷ ಅನ್ನೋದು ಮರಗೆಲಸದವರ ಹಳೆ ಲೆಕ್ಕ. ಕೋಕೋಬೋಲೋ ಧೂಳು ಕೆಲವರ ಮೈಗೆ ಆಗೋದೇ ಇಲ್ಲ, ದದ್ದು ಏಳುತ್ತೆ. ಬೀಟೆಯ ಕುಲದ ಮರಗಳೆಲ್ಲ 2017ರ ಜನವರಿಯಿಂದ ಸೈಟಿಸ್ ಅನ್ನೋ, ಅಪಾಯದಲ್ಲಿರುವ ಗಿಡ-ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ, ಗಡಿ ದಾಟಲು ಕಾಗದಪತ್ರ ಬೇಕು. ಇನ್ನು ಕೂರಿಸುವ ಕೆಲಸ. ನಮ್ಮ ರೇಂಜಿನಲ್ಲಿ ಒಬ್ಬರು ಹಿರಿಯರ ಹತ್ತಿರ ಹಳೆ ಸ್ಮಿತ್ ಅಂಡ್ ವೆಸನ್ ಇದೆ. ಒಂದು ದಿನ ಅದರ ಸ್ಕ್ರೂ ಬಿಚ್ಚಿ ಬಲಗಡೆಯ ಹೋಳನ್ನು ನನ್ನ ಅಂಗೈಗೆ ಇಟ್ಟರು. ಒಳಮೈಯಲ್ಲಿ ಆ ಬಂದೂಕಿನ ಸೀರಿಯಲ್ ನಂಬರೇ ಒತ್ತಿತ್ತು. ಆಗೆಲ್ಲ ಫ್ಯಾಕ್ಟರಿಯಲ್ಲೇ ಒಂದೊಂದು ಜೊತೆಯನ್ನು ಒಂದೊಂದು ಫ್ರೇಮಿಗೆ ಉಜ್ಜಿ ಕೂರಿಸುತ್ತಿದ್ದರಂತೆ, ಅದಲು ಬದಲು ಆಗದಿರಲಿ ಅಂತ ನಂಬರ್. ಬೆರಳಾಡಿಸಿದರೆ ಮರ ಎಲ್ಲಿ ಮುಗಿದು ಉಕ್ಕು ಎಲ್ಲಿ ಶುರುವಾಯ್ತು ಅಂತ ಗೊತ್ತಾಗಲಿಲ್ಲ. ಅಂಥ ಕೆಲಸಕ್ಕೆ ಒಂದು ವರ್ಷ ಕೇಳಿದ್ದರೂ ನಾನು ಹೂಂ ಅನ್ನುತ್ತಿದ್ದೆ. ಕೇಳಬೇಕಿತ್ತು, ಅಷ್ಟೇ.

ನನ್ನ ಹೊಟ್ಟೆ ಉರಿಸಿದ್ದು ಬೇರೆ. ಇಷ್ಟೆಲ್ಲ ಆಗುತ್ತಿರುವಾಗಲೂ ಅವರ ಪುಟದಲ್ಲಿ ವಾರಕ್ಕೆ ಮೂರು ಫೋಟೋ. ಮಿರಮಿರ ಮಿಂಚುವ ಹಿಡಿಗಳು, ಕೆಳಗೆ ನೂರು ಹೃದಯ. ಸೈಟಿನಲ್ಲಿ ಆರ್ಡರ್ ಬಟನ್ ಹಾಗೇ ತೆರೆದಿದೆ. ಪಕ್ಕದಲ್ಲಿ ಈಗಲೂ ‘ಎಂಟರಿಂದ ಹತ್ತು ವಾರ’! ನನ್ನದು ನಲವತ್ತನೇ ವಾರ ದಾಟಿದ ದಿನವೂ ನೋಡಿದೆ, ಒಂದಕ್ಷರ ಬದಲಾಗಿರಲಿಲ್ಲ. ಇದು ತಡ ಅಲ್ಲ, ಸುಳ್ಳು. ಹೊಸಬರ ಮುಂಗಡದಲ್ಲಿ ಹಳಬರ ಕೆಲಸ ನಡೀತಿದೆಯೋ ಏನೋ ಅಂತ ನನ್ನ ಗಂಡನಿಗೆ ಅನುಮಾನ. ಅವರು ಅಕೌಂಟ್ಸಿನವರು, ಎಲ್ಲದರಲ್ಲೂ ಅದೇ ಕಾಣುತ್ತೆ ಅಂತ ನಾನು ಬೈದೆ. ಬೈದ ಮೇಲೆ ಕೂತು ಯೋಚನೆ ಮಾಡಿದೆ.

ಪೂರ್ತಿ ದುಡ್ಡು ಮೊದಲೇ ಕೊಟ್ಟದ್ದೇ ಎಡವಟ್ಟು. ಊರಿನ ಟೈಲರ್‌ಗೂ ನಾವು ಅರ್ಧ ಉಳಿಸಿಕೊಳ್ಳುತ್ತೇವೆ, ಬ್ಲೌಸ್ ಕೈಗೆ ಬಂದ ಮೇಲೇ ಮಿಕ್ಕಿದ್ದು. ದೀಪಾವಳಿ ಹಿಂದಿನ ರಾತ್ರಿಯಾದರೂ ಅವನು ಹೊಲಿದು ಮುಗಿಸೋದು ಆ ಅರ್ಧಕ್ಕಾಗಿ. ಅಪ್ಪನ ಡಬಲ್ ಬ್ಯಾರಲ್ ಕೋವಿಯ ಮರ ಒಂದು ಸಲ ಕತ್ತಿನ ಹತ್ತಿರ ಸೀಳಿತ್ತು. ವಿರಾಜಪೇಟೆ ಕಡೆಯ ಒಬ್ಬ ಆಚಾರಿಗೆ ಕೊಟ್ಟರು. ಅವರೇನು ಹೇಳಿದ ದಿನಕ್ಕೆ ಕೊಟ್ಟವರಲ್ಲ, ಮೂರು ತಿಂಗಳು ಎಳೆದರು. ಆದರೆ ಸಂತೆಗೆ ಹೋದಾಗೆಲ್ಲ ಅಪ್ಪ ಅವರ ಕೊಟ್ಟಿಗೆಗೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದರು, ಜೊತೆಗೆ ನಾನು. “ಏನ್ ಆಚಾರ್ರೇ, ಎಲ್ಲಿಗೆ ಬಂತು?” ಅಂದರೆ ಅವರು ಮಾತಾಡದೆ ಮೂಲೆಯಿಂದ ಮರ ಎತ್ತಿ ತೋರಿಸೋರು. ಒಂದು ವಾರ ಬರೀ ಹಲಗೆ. ಇನ್ನೊಂದು ವಾರ ಕತ್ತು ಮೂಡಿತ್ತು. ಮತ್ತೊಂದು ವಾರ ಏನೂ ಆಗಿರಲಿಲ್ಲ, ಆಚಾರಿಯ ಮಗಳ ಮದುವೆ. “ಈ ಸಲ ಆಗ್ಲಿಲ್ಲ ಸ್ವಾಮಿ” ಅಂದರು, ಕಾಫಿ ಕೊಟ್ಟರು. ಅಪ್ಪ ಬೇಜಾರಿಲ್ಲದೆ ಎದ್ದು ಬಂದರು.

ಇಂಟರ್ನೆಟ್ಟಿನಲ್ಲಿ ಆ ಬೆಂಚ್ ಇಲ್ಲ. ಹಾಗಾಗಿ ಬೆಂಚಿನ ಕೆಲಸವನ್ನು ಅವರ ಒಂದು ಸಾಲಿನ ಮೇಲ್ ಮಾಡಬೇಕು. ತಿಂಗಳಿಗೊಮ್ಮೆ ಕಾದಿರುವ ಎಲ್ಲರಿಗೂ ಒಂದೇ ಮೇಲ್, ‘ಜನವರಿಯ ಆರ್ಡರ್ ಮಾಡ್ತಾ ಇದ್ದೀವಿ, ಮಷೀನ್ ಕೆಟ್ಟಿತ್ತು’ ಅಂತ. ಫೋಟೋ ಹಾಕುವುದರ ಅರ್ಧ ಹೊತ್ತು ಸಾಕು ಅದಕ್ಕೆ.

ಇಲ್ಲಿ ಕಾನೂನೂ ಅದನ್ನೇ ಹೇಳುತ್ತೆ ಅಂತ ಈಚೆಗೆ ಗೊತ್ತಾಯ್ತು. ಗಿರಾಕಿಗಳ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮ ಇದೆ, 1975ರದು, ಅಂಚೆಯಲ್ಲಿ ತರಿಸುವ ಸಾಮಾನಿಗೆ ಅಂತ ಶುರುವಾದದ್ದು, ಈಗ ಇಂಟರ್ನೆಟ್ಟಿಗೂ ಸೇರಿದೆ. ಹೇಳಿದ ಗಡುವಿನೊಳಗೆ ಕಳಿಸಬೇಕು. ಗಡುವೇ ಹೇಳದಿದ್ದರೆ 30 ದಿನ. ಆಗದಿದ್ದರೆ ಅವರಾಗಿಯೇ ತಿಳಿಸಿ, ಬೇಡ ಅಂದರೆ ದುಡ್ಡು ವಾಪಸ್ ಅನ್ನಬೇಕು. ಇದರಲ್ಲಿ ನನಗೆ ಇಷ್ಟವಾದ ಭಾಗ ಒಂದಿದೆ. ಮೊದಲ ಸಲದ ತಡ 30 ದಿನದೊಳಗಿದ್ದರೆ, ಗಿರಾಕಿ ಸುಮ್ನಿದ್ದರೆ ಒಪ್ಪಿಗೆ ಅಂತ ಅರ್ಥ. ಅದಕ್ಕಿಂತ ಜಾಸ್ತಿಯಾದರೆ ಸುಮ್ನಿದ್ದರೆ ಒಪ್ಪಿಗೆ ಅಲ್ಲ, ದುಡ್ಡು ವಾಪಸ್ ಮಾಡಬೇಕು. ಗಿರಾಕಿಯ ಮೌನಕ್ಕೂ ಕಾನೂನು ಬೆಲೆ ಕಟ್ಟಿದೆ ನೋಡಿ. ಕ್ರೆಡಿಟ್ ಕಾರ್ಡಿನ ದಾರಿಯೂ ಇದೆ, ಆದರೆ ಅಲ್ಲಿ ಬಿಲ್ ಬಂದ 60 ದಿನದೊಳಗೆ ತಕರಾರು ಬರೆದು ಕಳಿಸಬೇಕು. ಇವರು ಕೇಳಿದ್ದೇ ಹತ್ತು ವಾರ, ಅಂದರೆ 70 ದಿನ. ಬ್ಯಾಂಕಿಗೆ ಫೋನ್ ಮಾಡಿ ಕೇಳಿದರೆ ಕೆಲವು ಸಲ ಜಾಸ್ತಿ ಸಮಯ ಕೊಡುತ್ತಾರೆ. ನಾನು ಕೇಳಲಿಲ್ಲ. ನಾಚಿಕೆಯಾಗುತ್ತೆ ಹೇಳೋಕೆ, ‘ಮುಂದಿನ ವಾರ’ವನ್ನು ನಂಬಿ ಕೂತಿದ್ದೆ.

ರೇಂಜಿನ ಗೆಳತಿಯೊಬ್ಬಳು “ಕಲಾವಿದರು ಕಣೇ, ಅವಸರ ಮಾಡಬಾರದು” ಅಂದಳು. ಕಲಾವಿದರಾದರೆ ಮೇಲಿಗೆ ಉತ್ತರ ಕೊಡಬಾರದು ಅಂತ ಎಲ್ಲಿದೆ? ಆ ಆಚಾರಿಯ ಕೈಯಲ್ಲಿ ಇವರಷ್ಟೇ ಕಲೆ ಇತ್ತು, ಬಾಯಲ್ಲಿ ಮಾತೂ ಇತ್ತು.

ಈಗ ಹೋದ ಗುರುವಾರದ ಕಥೆ. ಸಂಜೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ, ಫೋನ್ ಟಿಂಗ್ ಅಂತು. ಅವರದೇ ಮೇಲ್. ನಾನು ಕೇಳದೆ ಅವರಾಗಿಯೇ ಬರೆದದ್ದು, ಹನ್ನೊಂದು ತಿಂಗಳಲ್ಲಿ ಮೊದಲನೇ ಸಲ. ಒಲೆ ಆರಿಸಿ ತೆರೆದೆ. ಒಂದೇ ಸಾಲು. ‘ನಿಮ್ಮ 686ರ ಬುಡ ದುಂಡಗಿದೆಯೋ ಚೌಕವೋ ದಯವಿಟ್ಟು ತಿಳಿಸಿ.’

ಅಂದರೆ ನನ್ನ ಹಾಳೆ, ಸ್ಕೇಲ್, ಮೂರು ಫೋಟೋ ಯಾವುದನ್ನೂ ಯಾರೂ ತೆರೆದು ನೋಡಿಲ್ಲ. ಗರಗಸ ಇನ್ನೂ ಮರಕ್ಕೆ ತಾಗಿಲ್ಲ.

ಗಂಡ “ತಕ್ಷಣ ಉತ್ತರ ಕೊಡು, ಸರದಿ ಹೋದೀತು” ಅಂತ ದಿನಕ್ಕೆರಡು ಸಲ ನೆನಪಿಸುತ್ತಾರೆ. ಇನ್ನೂ ಕೊಟ್ಟಿಲ್ಲ. ಒಂಬತ್ತು ದಿನ ಆಗಲಿ.