ತಲಾ ವೆಚ್ಚ ಕೇಳುವ ಮೊದಲು ರಾಡ್‌ನ ಲೆಕ್ಕ ಕೇಳಿ

ವೆಲ್ಡಿಂಗ್, ವೈರಿಂಗ್, ಪ್ಲಂಬಿಂಗ್ ಕಲಿಸುವ ಸ್ವಯಂಸೇವಾ ಸಂಸ್ಥೆಗಳು ಕಂಪನಿಗಳ ಬಳಿ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಅನುದಾನ ಕೇಳಲು ಹೋದಾಗ ಎದುರಾಗುವ ಮೊದಲ ಪ್ರಶ್ನೆ: "ಒಬ್ಬರಿಗೆ ಎಷ್ಟು ಬೀಳುತ್ತೆ?" ಕಡಿಮೆ ಹೇಳಿದವರ ಅರ್ಜಿ ಮುಂದೆ ಹೋಗುತ್ತೆ. ಹೀಗೆ ಗೆದ್ದ ಅನುದಾನದಲ್ಲಿ ಟ್ರೇನರ್ ಸಂಬಳ, ಬಾಡಿಗೆ, ಸಮವಸ್ತ್ರ, ಬ್ಯಾನರ್ ಯಾವುದನ್ನೂ ಬಿಡುವ ಹಾಗಿಲ್ಲ. ಕೊನೆಗೆ ಕತ್ತರಿ ಬೀಳುವುದು ಕಲಿಯುವವರ ಕೈಗೆ ಸಿಗಬೇಕಾದ ಸಾಮಗ್ರಿಗೆ. ಕೊಡುವ ಕಂಪನಿಯವರೂ ಕೇಳುವ ಸಂಸ್ಥೆಯವರೂ ಬಜೆಟ್ ಬರೆಯುವ ಕ್ರಮವನ್ನೇ ತಿರುಗಿಸಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ. ಮೊದಲು ಸಾಮಗ್ರಿಯ ಲೆಕ್ಕ, ತಲಾ ವೆಚ್ಚ ಆಮೇಲೆ.

20 ಜನರ ಒಂದು ವೆಲ್ಡಿಂಗ್ ಬ್ಯಾಚ್ ತೆಗೆದುಕೊಳ್ಳಿ. ಮೂರು ತಿಂಗಳ ಕೋರ್ಸ್, ಅದರಲ್ಲಿ 60 ದಿನ ಪ್ರಾಕ್ಟಿಕಲ್. ಒಬ್ಬರಿಗೆ ದಿನಕ್ಕೆ 20 ರಾಡ್ (ಉರಿದು ಕರಗಿ ಜೋಡಣೆಗೆ ಲೋಹ ತುಂಬುವ ಕಡ್ಡಿ) ಅಂದರೆ ಅದು ದುಂದುಗಾರಿಕೆಯಲ್ಲ. 3.15 ಮಿ.ಮೀ. ದಪ್ಪ, 450 ಮಿ.ಮೀ. ಉದ್ದದ 6013 ದರ್ಜೆಯ ರಾಡ್ ಒಂದೂವರೆ ನಿಮಿಷದೊಳಗೆ ಉರಿದು ಮುಗಿಯುತ್ತೆ. ಕೊನೆಯ ಎರಡು ಇಂಚು ರಾಡ್ ಕಚ್ಚಿ ಹಿಡಿಯುವ ಹೋಲ್ಡರ್‌ನಲ್ಲೇ ಉಳಿದು ಕಸಕ್ಕೆ ಹೋಗುತ್ತೆ. ಹಾಗಾಗಿ 20 ರಾಡ್ ಉರಿಸಿದರೂ ಒಬ್ಬ ಹುಡುಗನಿಗೋ ಹುಡುಗಿಗೋ ಸಿಗುವುದು ದಿನಕ್ಕೆ ಅರ್ಧ ಗಂಟೆಯೂ ತುಂಬದ ಆರ್ಕ್, ಅಂದರೆ ಲೋಹ ಕರಗಿಸುವ ವಿದ್ಯುತ್ ಜ್ವಾಲೆ. ಅಷ್ಟಕ್ಕೇ ಬ್ಯಾಚ್‌ಗೆ 24,000 ರಾಡ್ ಬೇಕು. ಕೆಜಿಗೆ ಸುಮಾರು 26 ರಾಡ್ ಹಿಡಿದರೆ 900 ಕೆಜಿ ದಾಟುತ್ತೆ.

ಇನ್ನು ಕಬ್ಬಿಣ. 50 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಎಂಎಸ್ ಫ್ಲ್ಯಾಟ್ (ಮೆದು ಉಕ್ಕಿನ ಪಟ್ಟಿ) ಮೀಟರಿಗೆ 2.36 ಕೆಜಿ ತೂಗುತ್ತೆ. 150 ಮಿ.ಮೀ.ನ ಎರಡು ತುಂಡು ಸೇರಿಸಿ ಒಂದು ಜಾಯಿಂಟ್ ಮಾಡಿದರೆ 700 ಗ್ರಾಂ. ಒಬ್ಬರಿಗೆ ದಿನಕ್ಕೆ ಮೂರು ಜಾಯಿಂಟ್‌ನಂತೆ ಇಡೀ ಬ್ಯಾಚ್‌ಗೆ ಎರಡೂವರೆ ಟನ್. ಜಾಯಿಂಟ್ ಕತ್ತರಿಸಿ ಮತ್ತೆ ಬಳಸಿ, ಒಂದೇ ತುಂಡಿನ ಎರಡೂ ಬದಿ ಬೀಡ್ (ವೆಲ್ಡಿಂಗ್‌ನ ಲೋಹದ ಗೆರೆ) ಹಾಕಿಸಿ ಇದನ್ನು ಅರ್ಧಕ್ಕೆ ಇಳಿಸಬಹುದು, ಆದರೆ ಆಗ ಗ್ರೈಂಡರ್ ಚಕ್ರಗಳ ಖರ್ಚು ಏರುತ್ತೆ. ಉಳಿದದ್ದು ಗುಜರಿಗೆ ಹೋಗುತ್ತೆ. ಗುಜರಿಯಿಂದ ಬಂದ ಹಣವನ್ನು ಪ್ರಾಜೆಕ್ಟ್ ಲೆಕ್ಕದಲ್ಲೇ ಜಮಾ ತೋರಿಸಿ. ಬಜೆಟ್‌ನಲ್ಲಿ ಮೊದಲೇ ಬರೆದಿಟ್ಟರೆ ಆಡಿಟ್‌ನಲ್ಲಿ ತಕರಾರು ಬರಲ್ಲ.

ಈ ಲೆಕ್ಕ ಹಾಕದೆ "ತರಬೇತಿ ಸಾಮಗ್ರಿ" ಅಂತ ಒಂದೇ ಸಾಲು ಬರೆದು ಅದಕ್ಕೊಂದು ದುಂಡು ಮೊತ್ತ ಇಟ್ಟರೆ ಏನಾಗುತ್ತೆ? ಎರಡನೇ ತಿಂಗಳ ಹೊತ್ತಿಗೆ ರಾಡ್ ಅಳೆದು ಕೊಡಬೇಕಾಗುತ್ತೆ. ಮೂವರಿಗೆ ಒಂದು ಹೋಲ್ಡರ್, ಒಬ್ಬ ಮಾಡುತ್ತಾನೆ, ಇಬ್ಬರು ನೋಡುತ್ತಾರೆ. ಮಟ್ಟಸವಾಗಿಟ್ಟ ಪ್ಲೇಟಿನ ಮೇಲೆ ಬೀಡ್ ಚೆನ್ನಾಗೇ ಬರುತ್ತೆ, ಫೋಟೊಗೂ ಚೆನ್ನಾಗಿ ಕಾಣುತ್ತೆ. ಕಾರ್ಖಾನೆಯಲ್ಲಿ ಕೆಲಸಕ್ಕೆ ತೆಗೆದುಕೊಳ್ಳುವ ಮೊದಲಿನ ಟ್ರೇಡ್ ಟೆಸ್ಟ್‌ಗೆ ಪ್ಲೇಟನ್ನು ನೆಟ್ಟಗೆ ನಿಲ್ಲಿಸಿ ಕೊಟ್ಟಾಗ ಬಂಡವಾಳ ಬಯಲಾಗುತ್ತೆ. ಆರ್ಕ್ ಉದ್ದ ಹಿಡಿತಕ್ಕೆ ಸಿಗಲ್ಲ, ಕರಗಿದ ಲೋಹ ಕೆಳಗೆ ಇಳಿಯುತ್ತೆ, ಅಂಚಿನಲ್ಲಿ ಅಂಡರ್‌ಕಟ್ (ಕೊರೆದ ಗೀರು), ಒಳಗೆ ಸ್ಲ್ಯಾಗ್ (ಸಿಕ್ಕಿಕೊಂಡ ಕಿಟ್ಟ). ಸರ್ಟಿಫಿಕೇಟ್ ಕೈಯಲ್ಲಿದ್ದರೂ ಕೆಲಸ ಮಾತ್ರ ಹೆಲ್ಪರ್‌ದೇ.

ಪ್ಲಂಬಿಂಗ್‌ನಲ್ಲೂ ಇದೇ ಕಥೆ. ಸಿಪಿವಿಸಿ (ಪ್ಲಾಸ್ಟಿಕ್) ಪೈಪಿಗೆ ಸಾಲ್ವೆಂಟ್ ಅಂಟು ಹಾಕಿ ಕೂರಿಸಿದ ಫಿಟ್ಟಿಂಗ್ ಮತ್ತೆ ಬಿಚ್ಚಲು ಬರಲ್ಲ, ಆ ಎಲ್ಬೋ ಅಲ್ಲಿಗೆ ಮುಗಿಯಿತು. ವೈರಿಂಗ್ ಸ್ವಲ್ಪ ಮೇಲು. ವೈರು ಪ್ರತಿ ಸಲ ತುದಿ ಕತ್ತರಿಸಿಕೊಂಡು ಗಿಡ್ಡವಾಗುತ್ತಾ ಹೋದರೂ ಕೆಲವು ಬ್ಯಾಚ್ ಬಾಳುತ್ತೆ.

ಬಜೆಟ್‌ನಲ್ಲಿ ಕಾಣದ ಇನ್ನೊಂದು ದೊಡ್ಡ ಖರ್ಚು ಕರೆಂಟ್. 120 ಆಂಪಿಯರ್‌ನಲ್ಲಿ ಓಡುವ ಒಂದು ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ಸುಮಾರು 5 ಕೆವಿಎ (ವಿದ್ಯುತ್ ಲೋಡ್‌ನ ಅಳತೆ) ಎಳೆಯುತ್ತೆ. ಆರು ಮೆಷಿನ್ ಒಟ್ಟಿಗೆ ಹೊತ್ತಿಸಿದರೆ 30 ಕೆವಿಎ ಹತ್ತಿರ. ಬಾಡಿಗೆ ಕಟ್ಟಡದ ಮಂಜೂರಾದ ಲೋಡ್ ಮನೆಗೋ ಅಂಗಡಿಗೋ ಸಾಕಾಗುವಷ್ಟೇ ಇರುತ್ತೆ. ಲೋಡ್ ಹೆಚ್ಚಿಸಲು ಠೇವಣಿ ಬೇಕು, ಥ್ರೀ ಫೇಸ್ ಬೇಕು, ಕಟ್ಟಡದ ಮಾಲೀಕರ ಒಪ್ಪಿಗೆ ಬೇಕು, ವಾರಗಟ್ಟಲೆ ಸಮಯ ಬೇಕು. ಮೆಷಿನ್ ಬಂದು ಕೂತಿವೆ, ಎರಡಕ್ಕಿಂತ ಹೆಚ್ಚು ಹಾಕಿದರೆ ಎಂಸಿಬಿ (ಲೋಡ್ ಮೀರಿದಾಗ ಕರೆಂಟ್ ಕಡಿಯುವ ಸ್ವಿಚ್) ಬೀಳುತ್ತೆ ಅನ್ನೋ ಸ್ಥಿತಿಗೆ ಬರೋದು ಹೀಗೆ. ಮೆಷಿನ್ ಕೊಟೇಶನ್ ತರುವ ದಿನವೇ ಲೋಡ್, ಅರ್ತಿಂಗ್, ಕೇಬಲ್ ಮೂರಕ್ಕೂ ಕೊಟೇಶನ್ ತನ್ನಿ.

ಇನ್ನು ಆಡಳಿತ ವೆಚ್ಚದ 5 ಶೇಕಡಾ ಮಿತಿಯ ವಿಷಯ. ಇದರಿಂದ ಸಂಸ್ಥೆಗಳಿಗೆ ಆಗುತ್ತಿರುವ ನಷ್ಟ ಸಣ್ಣದಲ್ಲ. "ನಿಮ್ಮ ಆಡಳಿತ ವೆಚ್ಚ 5% ದಾಟುವ ಹಾಗಿಲ್ಲ, ಕಾನೂನು ಹಾಗಿದೆ" ಅಂತ ಸಿಎಸ್‌ಆರ್ ಸಿಬ್ಬಂದಿ ಹೇಳಿದಾಗ ಸಂಸ್ಥೆಯವರು ತಲೆ ಆಡಿಸಿ ಅಕೌಂಟೆಂಟ್ ಸಂಬಳವನ್ನೇ ತೆಗೆದುಬಿಡುತ್ತಾರೆ. ಕಾನೂನು ಹಾಗಿಲ್ಲ. 2021ರ ಜನವರಿಯಲ್ಲಿ ತಿದ್ದುಪಡಿಯಾದ ಸಿಎಸ್‌ಆರ್ ನಿಯಮಗಳ ಪ್ರಕಾರ ಆ 5% ಮಿತಿ ಕಂಪನಿಗೆ, ಕಂಪನಿಯು ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಸಾಮಾನ್ಯ ಆಡಳಿತ ಖರ್ಚಿಗೆ. ಒಂದು ನಿರ್ದಿಷ್ಟ ಯೋಜನೆಯ ವಿನ್ಯಾಸ, ಅನುಷ್ಠಾನ, ಉಸ್ತುವಾರಿ, ಮೌಲ್ಯಮಾಪನಕ್ಕೆ ನೇರವಾಗಿ ಆಗುವ ಖರ್ಚು ಅದರಲ್ಲಿ ಸೇರುವುದಿಲ್ಲ. ಕಂಪನಿ ತನ್ನ ಒಳನೀತಿಯಾಗಿ ಮಿತಿ ಹಾಕಿಕೊಳ್ಳಬಹುದು, ಅದು ಅವರ ಹಕ್ಕು. ಆದರೆ ಅದನ್ನು ಕಾನೂನು ಅಂತ ಹೇಳುವುದು ತಪ್ಪು. ಸಂಸ್ಥೆಯವರೂ "ಆಡಳಿತ ವೆಚ್ಚ" ಅಂತ ಒಂದೇ ಗಂಟು ಕಟ್ಟಿ ಇಡಬಾರದು. ಬಾಡಿಗೆಯನ್ನು ವರ್ಕ್‌ಶಾಪ್ ಬಳಸುವ ಚದರ ಅಡಿಯ ಮೇಲೆ, ಅಕೌಂಟೆಂಟ್ ಸಂಬಳವನ್ನು ಈ ಯೋಜನೆಗೆ ಕೊಡುವ ದಿನಗಳ ಮೇಲೆ ಹಂಚಿ, ಹಂಚಿದ ಆಧಾರವನ್ನೂ ಬರೆದು ತೋರಿಸಿ. (ವಿದೇಶಿ ದೇಣಿಗೆಗೆ ಬೇರೆ ಕಾನೂನು. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅಡಿಯಲ್ಲಿ 2020ರ ತಿದ್ದುಪಡಿಯ ನಂತರ ಆಡಳಿತ ವೆಚ್ಚದ ಮಿತಿ 20%, ಅದು ಸಂಸ್ಥೆಗೇ ಅನ್ವಯಿಸುತ್ತೆ. ಎರಡನ್ನೂ ಕಲಸಬೇಡಿ.)

ಎಲ್ಲಕ್ಕಿಂತ ಹೆಚ್ಚು ಹಾಳು ಮಾಡುವುದು ಮಾರ್ಚ್ ತಿಂಗಳು. ಮಂಜೂರಾತಿಗೆ ಅರ್ಧ ವರ್ಷ ಹೋಗುತ್ತೆ, ಹಣ ಡಿಸೆಂಬರ್‌ನಲ್ಲಿ ಬರುತ್ತೆ, ಆರ್ಥಿಕ ವರ್ಷ ಮುಗಿಯುವ ಮಾರ್ಚ್ 31ರೊಳಗೆ ಯುಸಿ (ಹಣ ಬಳಕೆಯಾದ ಪ್ರಮಾಣಪತ್ರ) ಕೊಡಿ ಅಂತ ಒತ್ತಡ. ಕಂಪನಿಯವರ ಒತ್ತಡಕ್ಕೂ ಕಾರಣ ಇದೆ. ಹಣ ಸಂಸ್ಥೆಯ ಖಾತೆಗೆ ಹೋದ ಮಾತ್ರಕ್ಕೆ ಅದು ಖರ್ಚಾಯಿತು ಅಂತ ಆಗಲ್ಲ, ಸಂಸ್ಥೆ ಅದನ್ನು ಬಳಸಿರಬೇಕು, ಬಳಕೆಯಾಗಿದೆ ಅಂತ ಕಂಪನಿಯ ಹಣಕಾಸು ಮುಖ್ಯಸ್ಥರು ದೃಢೀಕರಿಸಬೇಕು. ಆಗ ಸಂಸ್ಥೆ ಮಾಡುವುದೇನು? ವರ್ಷಕ್ಕಾಗುವಷ್ಟು ರಾಡ್ ಮಾರ್ಚ್‌ನಲ್ಲೇ ಖರೀದಿಸಿ ಬಿಲ್ ತೋರಿಸುತ್ತೆ. ಅದರಲ್ಲೂ ಲೋ ಹೈಡ್ರೋಜನ್ ರಾಡ್, ಅಂದರೆ 7018 ದರ್ಜೆಯದು, ತೇವ ಹೀರಿಕೊಳ್ಳುವ ಮಾಲು. ಪ್ಯಾಕೆಟ್ ಒಡೆದ ಮೇಲೆ ಬಿಸಿ ಓವನ್‌ನಲ್ಲಿ ಇಡಬೇಕು, ತೇವ ಆಡಿದ್ದರೆ 300 ಡಿಗ್ರಿ ದಾಟಿಸಿ ಮತ್ತೆ ಬೇಯಿಸಬೇಕು. ಬಹುತೇಕ ಬಜೆಟ್‌ಗಳಲ್ಲಿ ಓವನ್ ಇರುವುದೇ ಇಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಅರ್ಧ ದಾಸ್ತಾನು ಕೆಡುತ್ತೆ, ವೆಲ್ಡ್‌ನಲ್ಲಿ ಸೂಜಿರಂಧ್ರಗಳು ಬರುತ್ತವೆ, ಕಲಿಯುವವರು ತಮ್ಮ ಕೈಯೇ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಮಂಜೂರಾತಿಯ ದಿನಾಂಕ ಕೆಡಿಸಿದ್ದಕ್ಕೆ ಆ ಮಕ್ಕಳು ಹೊಣೆ ಹೊರುತ್ತಾರೆ.

ಇದಕ್ಕೆ ಪರಿಹಾರ ಕಾನೂನಿನಲ್ಲೇ ಇದೆ, ಕೇಳುವವರು ಕಡಿಮೆ. ಯೋಜನೆಯನ್ನು "ಚಾಲ್ತಿ ಯೋಜನೆ" (ಆನ್‌ಗೋಯಿಂಗ್ ಪ್ರಾಜೆಕ್ಟ್) ಎಂದು ಕಂಪನಿಯ ಬೋರ್ಡ್‌ನಲ್ಲಿ ಮಂಜೂರು ಮಾಡಿಸಿ. ಶುರುವಾದ ಆರ್ಥಿಕ ವರ್ಷ ಬಿಟ್ಟು ಇನ್ನೂ ಮೂರು ವರ್ಷದವರೆಗೆ ಅದು ನಡೆಯಬಹುದು. ಉಳಿದ ಹಣವನ್ನು ಕಂಪನಿ ಏಪ್ರಿಲ್ 30ರೊಳಗೆ ಖರ್ಚಾಗದ ಸಿಎಸ್‌ಆರ್ ಹಣದ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿದರೆ ಸಾಕು, ಅಲ್ಲಿಂದ ಕಂತು ಕಂತಾಗಿ ಬಿಡುಗಡೆ ಮಾಡಬಹುದು. ಪ್ರಸ್ತಾವನೆಯ ಮೊದಲ ಪುಟದಲ್ಲೇ ಮೂರು ವರ್ಷದ ಬ್ಯಾಚ್‌ಗಳ ವೇಳಾಪಟ್ಟಿ ಇರಲಿ. ಚರ್ಚೆ ಕೊನೆಗೆ ಬಂದಾಗ ಬಾಯಲ್ಲಿ ಹೇಳಿದರೆ ಬೋರ್ಡ್ ಟಿಪ್ಪಣಿಯಲ್ಲಿ ಅದು ಬರಲ್ಲ.

ಮೆಷಿನ್ ವಿಚಾರದಲ್ಲೂ ಒಂದು ಮಾತು. ಸಿಎಸ್‌ಆರ್ ಹಣದಲ್ಲಿ ಕೊಂಡ ಆಸ್ತಿಯನ್ನು ಕಂಪನಿ ತನ್ನ ಹೆಸರಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಸಿಎಸ್‌ಆರ್ ನೋಂದಣಿ ಸಂಖ್ಯೆ ಇರುವ ಟ್ರಸ್ಟ್, ಸೊಸೈಟಿ ಅಥವಾ ಸೆಕ್ಷನ್ 8 (ಲಾಭ ಹಂಚದ) ಕಂಪನಿ, ಫಲಾನುಭವಿಗಳ ಸಂಘ, ಇಲ್ಲವೇ ಸರ್ಕಾರಿ ಪ್ರಾಧಿಕಾರದ ಬಳಿ ಅದು ಇರಬೇಕು. ಯಾರ ಬಳಿ ಅನ್ನೋದು ಒಪ್ಪಂದದಲ್ಲಿ ಸ್ಪಷ್ಟವಾಗಿರಲಿ. ಹಾಗೆಯೇ ಕಂಪನಿ ತನ್ನ ಹಳೇ ಮೆಷಿನ್ ಕೊಟ್ಟು ಅದಕ್ಕೊಂದು ಬೆಲೆ ಕಟ್ಟಿ ಸಿಎಸ್‌ಆರ್ ಖರ್ಚು ಅಂತ ತೋರಿಸಲು ಬರಲ್ಲ. ದಾನವಾಗಿ ಕೊಟ್ಟರೆ ಪಡೆಯಿರಿ, ಅನುದಾನದ ಮೊತ್ತದಲ್ಲಿ ಕಳೆಯಲು ಬಿಡಬೇಡಿ.

ಉದ್ಯೋಗದ ಷರತ್ತು ಹಾಕುವವರಲ್ಲಿ ಒಂದು ವಿನಂತಿ. ಕೆಲಸಕ್ಕೆ ಸೇರಿಸಿದ ಪತ್ರ ಕೇಳುತ್ತೀರಿ, ಮೂರು ತಿಂಗಳ ಸಂಬಳದ ಚೀಟಿಯನ್ನೂ ಕೇಳುತ್ತೀರಿ, ಸರಿ. ಆದರೆ ಹಳ್ಳಿಯಿಂದ ಬಂದು ಕೆಲಸಕ್ಕೆ ಸೇರಿದವರಿಗೆ ಮೊದಲ ಸಂಬಳ ಕೈಗೆ ಬರುವುದು ಮುಂದಿನ ತಿಂಗಳ ಮೊದಲ ವಾರ ಕಳೆದ ಮೇಲೆ. ಅಲ್ಲಿವರೆಗೆ ರೂಮಿನ ಅಡ್ವಾನ್ಸ್, ಊಟ, ಬಸ್ ಚಾರ್ಜು, ಕೆಲವು ಕಡೆ ಸೇಫ್ಟಿ ಶೂ ಕೂಡ ಸ್ವಂತ ಜೇಬಿನಿಂದ. ಸಾಲ ಸಿಗದಿದ್ದರೆ ಊರಿಗೆ ವಾಪಸ್. ಕೌಶಲ ಇದ್ದವರೂ ಹೀಗೆ ಕಳಚಿಕೊಳ್ಳುತ್ತಾರೆ. ಮೊದಲ ನಲವತ್ತು ದಿನ ದೂಡಲು ಒಂದು ಸಣ್ಣ ಮೊತ್ತವನ್ನು ಬಜೆಟ್‌ನಲ್ಲಿ ಪ್ರತ್ಯೇಕ ಸಾಲಾಗಿ ಇಡಿ, ನೇರ ಅವರ ಬ್ಯಾಂಕ್ ಖಾತೆಗೆ ಹಾಕಿ. ಜೊತೆಗೆ ಬ್ಯಾಚ್ ಮುಗಿದ ಮೇಲೂ ಒಂದು ವರ್ಷ ಫೋನ್ ಮಾಡಿ ವಿಚಾರಿಸುವ ಒಬ್ಬ ಸಿಬ್ಬಂದಿಯ ಸಂಬಳ ಇರಲಿ. ಸಿಮ್ ಬದಲಾಗುತ್ತಲೇ ಇರುತ್ತೆ, ಹಾಗಾಗಿ ಸೇರುವ ದಿನವೇ ಮನೆಯವರ ಇಬ್ಬರ ನಂಬರ್ ಬರೆಸಿಕೊಳ್ಳಿ. ಆರನೇ ತಿಂಗಳಲ್ಲಿ ಕೇಳಬೇಕಾದ್ದು ಸಂಬಳ ಎಷ್ಟು ಅನ್ನೋದೊಂದೇ ಅಲ್ಲ: ಈಗ ಹೋಲ್ಡರ್ ಹಿಡಿಯುತ್ತಿದ್ದೀಯಾ, ಇನ್ನೂ ಕಬ್ಬಿಣ ಹೊರುತ್ತಿದ್ದೀಯಾ ಅಂತಲೂ ಕೇಳಿ, ಬಂದ ಉತ್ತರವನ್ನು ವರದಿಯಲ್ಲಿ ಹಾಗೇ ಬರೆಯಿರಿ.