ಹವೆ ಹಿಂದೆಯೂ ಬದಲಾಗಿತ್ತು. ಎಷ್ಟು ಬೇಗ ಎಂಬುದನ್ನೂ ಚಿಪ್ಪುಗಳನ್ನೇ ಕೇಳೋಣ

ವಾಯುಗುಣ ಬದಲಾವಣೆಯ ಮಾತು ಬಂದಾಗಲೆಲ್ಲ ಒಂದು ವಾದ ತಪ್ಪದೆ ಕೇಳಿಬರುತ್ತದೆ: ಭೂಮಿ ಹಿಂದೆಯೂ ಕಾದಿತ್ತು, ತಣಿದಿತ್ತು, ಆಗ ಯಾವ ಕಾರ್ಖಾನೆಗಳಿದ್ದವು? ಭೂಮಿ ಹಿಂದೆ ಕಾದಿತ್ತೆಂಬುದು ನಿಜ. ಆದರೆ ಅದು ನಮಗೆ ತಿಳಿದದ್ದು ಬಹುಪಾಲು ಕಡಲಜೀವಿಗಳ ಪಳೆಯುಳಿಕೆಗಳಿಂದ. ಅವು ಹೇಳುವುದರಲ್ಲಿ ತಮಗೆ ಅನುಕೂಲವಾದ ಒಂದು ವಾಕ್ಯವನ್ನು ಒಪ್ಪಿಕೊಂಡು, ಮುಂದಿನ ವಾಕ್ಯ ಬರುವಷ್ಟರಲ್ಲಿ ಎದ್ದು ಹೋಗುವುದು ನನಗೆ ಸರಿಕಾಣುವುದಿಲ್ಲ.

ಕಡಲ ಪಳೆಯುಳಿಕೆ ಎಂದೊಡನೆ ನೆನಪಾಗುವುದು ಸುರುಳಿ ಸುತ್ತಿಕೊಂಡ ಅಮೋನೈಟ್, ಇಲ್ಲವೇ ಎವರೆಸ್ಟ್ ತುದಿಯ ಸುಣ್ಣಕಲ್ಲಿನಲ್ಲಿ ಸಿಕ್ಕ ಟ್ರೈಲೋಬೈಟ್ ಚೂರುಗಳು. ಕಡಲು ಎಲ್ಲಿತ್ತು ಎಂಬುದನ್ನು ಅವು ಚೆನ್ನಾಗಿಯೇ ಹೇಳುತ್ತವೆ. ಕಡಲು ಎಷ್ಟು ಬಿಸಿಯಾಗಿತ್ತು, ಧ್ರುವಗಳಲ್ಲಿ ಎಷ್ಟು ಹಿಮವಿತ್ತು ಎಂಬುದರ ಲೆಕ್ಕ ಕೊಡುವುದರಲ್ಲಿ ಮಾತ್ರ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗೆ ಸಾಟಿಯಿಲ್ಲ. ಇವುಗಳಲ್ಲಿ ಹೆಚ್ಚಿನವು ಮರಳಿನ ಕಣಕ್ಕಿಂತ ದೊಡ್ಡವಲ್ಲ. ವಸ್ತುಸಂಗ್ರಹಾಲಯಕ್ಕೆ ಬಂದವರು ಇವುಗಳ ಮುಂದೆ ನಿಲ್ಲುವುದಿಲ್ಲ, ನಿಂತರೂ ಬರಿಗಣ್ಣಿಗೆ ಕಾಣಿಸುವಂಥದ್ದು ಅಲ್ಲಿ ಹೆಚ್ಚೇನೂ ಇರುವುದಿಲ್ಲ.

ಈ ಜೀವಿ ತನ್ನ ಸುಣ್ಣದ ಚಿಪ್ಪನ್ನು ಕಟ್ಟಿಕೊಳ್ಳುವಾಗ ಸುತ್ತಲಿನ ನೀರಿನ ಆಮ್ಲಜನಕವೂ ಅದರೊಳಗೆ ಸೇರುತ್ತದೆ. ಆಮ್ಲಜನಕದಲ್ಲಿ ಹಗುರವಾದ 16 ಮತ್ತು ತುಸು ಭಾರವಾದ 18 ಎಂಬ ಬೇರೆ ಬೇರೆ ತೂಕದ ಪರಮಾಣುಗಳು, ಅಂದರೆ ಐಸೊಟೋಪ್‌ಗಳಿವೆ. ನೀರು ತಣ್ಣಗಿದ್ದಷ್ಟೂ ಚಿಪ್ಪಿನಲ್ಲಿ ಭಾರದ್ದರ ಪಾಲು ಹೆಚ್ಚುತ್ತದೆ. ಈ ಅನುಪಾತವನ್ನು ಉಷ್ಣಮಾಪಕದಂತೆ ಬಳಸಬಹುದೆಂದು ರಸಾಯನವಿಜ್ಞಾನಿ ಹೆರಾಲ್ಡ್ ಯೂರಿ 1947ರಲ್ಲಿ ತೋರಿಸಿದರು. ಭೂವಿಜ್ಞಾನಿ ಚೆಸಾರೆ ಎಮಿಲಿಯಾನಿ ಕಡಲತಳದ ಕೆಸರಿನಿಂದ ಹೆಕ್ಕಿದ ಚಿಪ್ಪುಗಳನ್ನು ಅಳೆದು 1955ರಲ್ಲಿ ಹಿಮಯುಗಗಳ ಏರಿಳಿತದ ನಕ್ಷೆಯನ್ನೇ ಪ್ರಕಟಿಸಿದರು.

ಆದರೆ ಆ ನಕ್ಷೆಯ ಅರ್ಥದಲ್ಲಿ ಒಂದು ತೊಡಕಿತ್ತು. ಹಗುರ ಆಮ್ಲಜನಕವುಳ್ಳ ನೀರು ಬೇಗ ಆವಿಯಾಗುತ್ತದೆ, ಧ್ರುವಪ್ರದೇಶದಲ್ಲಿ ಹಿಮವಾಗಿ ಬಿದ್ದು ಅಲ್ಲೇ ಉಳಿದುಬಿಡುತ್ತದೆ. ಹೀಗಾಗಿ ಹಿಮಗಡ್ಡೆ ಬೆಳೆದಾಗ, ನೀರು ತಣಿಯದಿದ್ದರೂ, ಕಡಲಿನಲ್ಲಿ ಭಾರದ ಆಮ್ಲಜನಕದ ಪಾಲು ಏರುತ್ತದೆ. ಹಾಗಾದರೆ ಚಿಪ್ಪು ಹೇಳುತ್ತಿರುವುದು ಶಾಖದ ಸಂಗತಿಯನ್ನೋ ಹಿಮದ ಸಂಗತಿಯನ್ನೋ? 1967ರಲ್ಲಿ ಭೂವಿಜ್ಞಾನಿ ನಿಕೊಲಸ್ ಶಾಕಲ್ಟನ್ ಇದನ್ನು ಬಿಡಿಸಿದ ಬಗೆ ನನಗೆ ಬಹಳ ಇಷ್ಟವಾದದ್ದು. ಆಳ ಕಡಲಿನ ತಳದ ನೀರು ಈಗಲೇ ಹೆಪ್ಪುಗಟ್ಟುವ ಮಟ್ಟಕ್ಕೆ ಹತ್ತಿರವಿದೆ, ಹಿಮಯುಗದಲ್ಲಿ ಅದು ಇನ್ನೂ ಹೆಚ್ಚು ತಣಿಯಲು ಅವಕಾಶವೇ ಇಲ್ಲ. ಆದರೂ ಅಲ್ಲಿ ಬದುಕಿದ್ದ ಫೊರಾಮಿನಿಫೆರಾಗಳು ಮೇಲ್ಮೈಯವುಗಳಷ್ಟೇ ಏರಿಳಿತ ತೋರಿಸುತ್ತಿದ್ದವು. ಅಂದರೆ ಆ ಏರಿಳಿತದ ದೊಡ್ಡ ಪಾಲು ಹಿಮದ್ದು. ವಿಜ್ಞಾನಿಗಳು ಮೊದಲೇ ತೀರ್ಮಾನಿಸಿಕೊಂಡು ಪುರಾವೆ ಹುಡುಕುತ್ತಾರೆಂದು ದೂರುವವರಿಗೆ ನಾನು ಈ ತಿದ್ದುಪಡಿಯನ್ನು ನೆನಪಿಸುತ್ತೇನೆ. 1976ರಲ್ಲಿ ಹೇಸ್, ಇಂಬ್ರಿ ಮತ್ತು ಶಾಕಲ್ಟನ್ ಹಿಮಯುಗಗಳ ಲಯಕ್ಕೆ ಭೂಕಕ್ಷೆಯ ನಿಧಾನ ಬದಲಾವಣೆಗಳೇ ಕಾರಣವೆಂದು ತೋರಿಸಿದ್ದೂ ಇಂಥದೇ ಕೆಸರಿನ ಆಧಾರದಿಂದ. ಹಿಂದಿನ ಬದಲಾವಣೆಗಳಿಗೆ ನೈಸರ್ಗಿಕ ಕಾರಣಗಳಿದ್ದವು ಎಂಬುದನ್ನು ಯಾರೂ ಮುಚ್ಚಿಟ್ಟಿಲ್ಲ.

ಹವಳದ ಪಳೆಯುಳಿಕೆಗಳು ಕಡಲಮಟ್ಟದ ಅಳತೆಗೋಲುಗಳು, ಏಕೆಂದರೆ ಕೆಲವು ಹವಳಗಳು ನೀರಿನ ಮೇಲ್ಮೈ ಹತ್ತಿರವಲ್ಲದೆ ಬೆಳೆಯುವುದಿಲ್ಲ. ಸುಮಾರು 20,000 ವರ್ಷಗಳ ಹಿಂದೆ ಕಡಲು ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತೆಂಬುದಕ್ಕೆ ಬಾರ್ಬಡೋಸ್ ತೀರದಲ್ಲಿ ಮುಳುಗಿರುವ ಹವಳಗಳು ಮುಖ್ಯ ಆಧಾರ.

ಇನ್ನು ಆ ಮುಂದಿನ ವಾಕ್ಯಕ್ಕೆ ಬರುತ್ತೇನೆ. 5.6 ಕೋಟಿ ವರ್ಷಗಳ ಹಿಂದೆ, ಪ್ಯಾಲಿಯೊಸೀನ್ ಎಂಬ ಭೂಯುಗ ಮುಗಿದು ಇಯೊಸೀನ್ ಆರಂಭವಾಗುವ ಹೊತ್ತಿಗೆ, ಅಪಾರ ಇಂಗಾಲ ವಾತಾವರಣಕ್ಕೂ ಕಡಲಿಗೂ ಸೇರಿ ಭೂಮಿಯ ಸರಾಸರಿ ಉಷ್ಣತೆ ಸುಮಾರು 5 ಡಿಗ್ರಿ ಸೆಲ್ಸಿಯಸ್ ಏರಿತು. ದಕ್ಷಿಣ ಅಟ್ಲಾಂಟಿಕ್‌ನ ವಾಲ್ವಿಸ್ ಎಂಬ ಕಡಲೊಳಗಿನ ದಿಬ್ಬದಲ್ಲಿ 2003ರಲ್ಲಿ ಕೊರೆದು ತೆಗೆದ ಕೆಸರಿನ ಕಂಬಗಳಲ್ಲಿ ಇದು ಬರಿಗಣ್ಣಿಗೇ ಕಾಣುತ್ತದೆ: ಚಿಪ್ಪುಗಳಿಂದಾದ ಬಿಳಿಯ ಕೆಸರು ಇದ್ದಕ್ಕಿದ್ದಂತೆ ನಿಂತು, ಕಂದುಗೆಂಪು ಜೇಡಿಯ ಪದರವೊಂದು ಶುರುವಾಗುತ್ತದೆ. ಕಾರ್ಬನ್ ಡೈಆಕ್ಸೈಡ್ ಕರಗಿದ ನೀರು ಆಮ್ಲೀಯವಾಗಿ ತಳದ ಸುಣ್ಣವನ್ನೆಲ್ಲ ಕರಗಿಸಿಬಿಟ್ಟಿತ್ತು. ತಳದಲ್ಲಿ ಬದುಕಿದ್ದ ಫೊರಾಮಿನಿಫೆರಾ ಜಾತಿಗಳಲ್ಲಿ ಶೇ 30ರಿಂದ 50ರಷ್ಟು ಅಳಿದವು. ಮೇಲ್ಮೈಯಲ್ಲಿ ತೇಲುವವು ಬಹುಮಟ್ಟಿಗೆ ಉಳಿದುಕೊಂಡವು, ಬೆಚ್ಚನೆಯ ನೀರಿನವು ಧ್ರುವಗಳ ಕಡೆಗೂ ಹರಡಿದವು ಎಂಬುದನ್ನೂ ಹೇಳದಿದ್ದರೆ ನಾನೂ ಅರ್ಧ ಸಾಕ್ಷ್ಯವನ್ನಷ್ಟೇ ಮುಂದಿಟ್ಟಂತಾಗುತ್ತದೆ. ಪರಿಸ್ಥಿತಿ ಮೊದಲಿನಂತಾಗಲು ಒಂದು ಲಕ್ಷ ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆ ಏಳುತ್ತದೆ. ಆಳ ಕಡಲಿನಲ್ಲಿ ಕೆಸರು ಸೇರುವುದು ಸಾಧಾರಣವಾಗಿ ಸಾವಿರ ವರ್ಷಕ್ಕೆ ಒಂದೆರಡು ಸೆಂಟಿಮೀಟರ್, ಅದನ್ನೂ ಹುಳುಗಳು ಕೊರೆದು ಕಲಕುತ್ತವೆ. ಇಂಥ ದಾಖಲೆಯಲ್ಲಿ ನೂರಿನ್ನೂರು ವರ್ಷಗಳ ಘಟನೆ ಕಾಣುವುದೇ ಕಷ್ಟವಾದರೆ, ಅಂದಿನ ಇಂಗಾಲವೂ ಇಂದಿನಷ್ಟೇ ವೇಗವಾಗಿ ಬಂದಿರಬಾರದೇಕೆ? ವಿಜ್ಞಾನಿಗಳಾದ ಸೀಬೆ, ರಿಡ್ಜ್‌ವೆಲ್ ಮತ್ತು ಜಾಕೋಸ್ 2016ರಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡರು. ಅವರು ಆರಿಸಿಕೊಂಡದ್ದು ನ್ಯೂಜೆರ್ಸಿ ತೀರದ ಬಳಿ ಬೇಗ ಬೇಗ ಶೇಖರವಾದ ಕೆಸರನ್ನು. ಇಂಗಾಲ ಒಮ್ಮೆಗೇ ನುಗ್ಗಿದ್ದರೆ, ಕಡಲು ಕಾಯಲು ಸಮಯ ಬೇಕಾದ್ದರಿಂದ, ಉಷ್ಣತೆಯ ಗುರುತು ಇಂಗಾಲದ ಗುರುತಿಗಿಂತ ತಡವಾಗಿ ಕಾಣಬೇಕಿತ್ತು. ಅಂಥ ಅಂತರ ಅಲ್ಲಿ ಕಾಣಲಿಲ್ಲ. ಎರಡೂ ಜೊತೆಜೊತೆಯಾಗಿ ಬದಲಾಗಿದ್ದವು. ಅದರಿಂದ ಅವರು ಕಟ್ಟಿದ ಲೆಕ್ಕದ ಪ್ರಕಾರ ಆ ಬಿಡುಗಡೆ ಕನಿಷ್ಠ 4,000 ವರ್ಷ ನಡೆಯಿತು, ವೇಗ ವರ್ಷಕ್ಕೆ 1.1 ಶತಕೋಟಿ ಟನ್ ಇಂಗಾಲವನ್ನು ಮೀರಲಿಲ್ಲ. ನಾವು ಈಗ ವರ್ಷಕ್ಕೆ ಬಿಡುತ್ತಿರುವುದು ಸುಮಾರು 10 ಶತಕೋಟಿ ಟನ್.

ಹಿಂದೆಯೂ ಹೀಗಾಗಿತ್ತು ಎನ್ನುವವರು ಈ ಸುಮಾರು ಹತ್ತು ಪಟ್ಟು ವೇಗಕ್ಕೆ ಉತ್ತರ ಹೇಳಬೇಕು. ಒಟ್ಟು ಮೊತ್ತದಲ್ಲಿ ನಾವು ಇನ್ನೂ ಅಂದಿನ ಮಟ್ಟವನ್ನು ತಲುಪಿಲ್ಲ ಎಂಬ ಸಮಾಧಾನ ನನಗೆ ದೊಡ್ಡದೆನಿಸುವುದಿಲ್ಲ, ಏಕೆಂದರೆ ಆಮ್ಲೀಯತೆಯ ಮಟ್ಟಿಗೆ ವೇಗವೇ ಮುಖ್ಯ. ನಿಧಾನವಾಗಿ ಬಂದ ಇಂಗಾಲವನ್ನು ಕಡಲತಳದ ಸುಣ್ಣವೂ ಬಂಡೆಗಳ ಸವೆತವೂ ಸರಿದೂಗಿಸಬಲ್ಲವು, ಆದರೆ ಆ ಕೆಲಸಕ್ಕೆ ಸಾವಿರಾರು ವರ್ಷ ಬೇಕು.

1872ರಿಂದ 1876ರವರೆಗೆ ಕಡಲು ಸುತ್ತಿದ ಚಾಲೆಂಜರ್ ಎಂಬ ಬ್ರಿಟಿಷ್ ಸಂಶೋಧನಾ ಹಡಗಿನವರು ಸಂಗ್ರಹಿಸಿದ್ದ ಫೊರಾಮಿನಿಫೆರಾ ಚಿಪ್ಪುಗಳು ಇಂದಿಗೂ ಸುರಕ್ಷಿತವಾಗಿವೆ. ಪೆಸಿಫಿಕ್‌ನಲ್ಲಿ ಸಿಕ್ಕ ಅವುಗಳಲ್ಲಿ ಕೆಲವನ್ನು, 2009ರಿಂದ 2016ರ ನಡುವೆ ತಾರಾ ಎಂಬ ನೌಕೆ ತಂದ ಅದೇ ಜಾತಿಯ ಚಿಪ್ಪುಗಳೊಂದಿಗೆ ಹೋಲಿಸಿ ನೋಡಿದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಹೋಲಿಸಿದ ಎಲ್ಲ ಹೊಸ ಚಿಪ್ಪುಗಳ ಗೋಡೆಯೂ ಹಳೆಯವುಗಳಿಗಿಂತ ತೆಳುವಾಗಿತ್ತು, ಕೆಲವು ಶೇ 76ರವರೆಗೂ ತೆಳ್ಳಗಾಗಿದ್ದವು. ಆ ಎರಡು ಯಾನಗಳ ನಡುವಿನ ಸುಮಾರು 140 ವರ್ಷಗಳಲ್ಲಿ ಆಳ ಕಡಲಿನ ತಳಕ್ಕೆ ಸೇರುವ ಕೆಸರಿನ ದಪ್ಪ ಮೂರು ಮಿಲಿಮೀಟರನ್ನೂ ಮುಟ್ಟುವುದಿಲ್ಲ.