ಮಹಿಳಾ ಪಾಸ್ಟರ್ ಬಗ್ಗೆ ಅಮೆರಿಕದಿಂದ ಆದೇಶ ಬಂದಿಲ್ಲ

‘ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಇನ್ನು ಮಹಿಳಾ ಪಾಸ್ಟರ್ ಇರುವಂತಿಲ್ಲ, ಅಮೆರಿಕದಿಂದ ಆದೇಶ ಬಂದಿದೆ’ ಎಂಬ ಸಂದೇಶ ದಾವಣಗೆರೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಬ್ಯಾಪ್ಟಿಸ್ಟ್ ಎಂದರೆ ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡ, ಸಭೆ ಎಂದರೆ ಅವರ ಸ್ಥಳೀಯ ಚರ್ಚು. ಇದು ಸರಿಯಲ್ಲ.

ನಡೆದದ್ದು ಅಮೆರಿಕದ ಬ್ಯಾಪ್ಟಿಸ್ಟ್ ಸಭೆಗಳ ಒಕ್ಕೂಟವಾದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್‌ನಲ್ಲಿ. ಮಹಿಳಾ ಪಾಸ್ಟರ್ ಇರುವ ಸಭೆಗಳನ್ನು ಹೊರಗಿಡಲು ಒಕ್ಕೂಟದ ಸಂವಿಧಾನವನ್ನೇ ತಿದ್ದುವ ಪ್ರಸ್ತಾಪಕ್ಕೆ 2024ರ ಜೂನ್‌ನಲ್ಲಿ ಸುಮಾರು ಶೇ 61 ಮತ ಬಿತ್ತು. ಬೇಕಿದ್ದದ್ದು ಮೂರನೇ ಎರಡು ಪಾಲು. 2025ರಲ್ಲೂ ಸಾಲಲಿಲ್ಲ. ಹಾಗಂತ ಅವರು ಮಹಿಳಾ ಪಾಸ್ಟರ್‌ಗಳನ್ನು ಒಪ್ಪಿದ್ದಾರೆ ಅಂತಲ್ಲ. 2023ರಲ್ಲಿ ಇದೇ ಕಾರಣಕ್ಕೆ ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಚರ್ಚನ್ನು ಹೊರಹಾಕಿದ್ದರು. ಸಭೆಯನ್ನು ಒಕ್ಕೂಟದಿಂದ ಹೊರಹಾಕಬಹುದು ಅಷ್ಟೇ, ಪಾಸ್ಟರನ್ನು ಕೆಲಸದಿಂದ ತೆಗೆಯುವ ಅಧಿಕಾರ ಅವರಿಗಿಲ್ಲ.

ಬ್ಯಾಪ್ಟಿಸ್ಟರಲ್ಲಿ ಪಾಸ್ಟರನ್ನು ಆರಿಸುವುದು ಆಯಾ ಸಭೆಯೇ. ಅಮೆರಿಕದ ಪಕ್ಕದೂರಿನ ಸಭೆಗೇ ಆಜ್ಞೆ ಮಾಡಲಾಗದವರು ದಾವಣಗೆರೆಗೆ ಮಾಡ್ತಾರಾ? ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚುಗಳನ್ನೂ ಇದಕ್ಕೆ ಸುಮ್ನೆ ಎಳೆಯಬೇಡಿ. ಅವು ಬ್ಯಾಪ್ಟಿಸ್ಟ್ ಅಲ್ಲ, ಅಲ್ಲಿ ಮಹಿಳಾ ಪಾದ್ರಿಗಳಿದ್ದಾರೆ.